ಮಳೆ, ಮಂಜಿನಲ್ಲಿ ಬೈಕ್ ಮಿಸ್ಸಿಂಗ್ ಹೊಡೆದರೆ: ಕಾರಣ ಹುಡುಕುವ ಸಮಗ್ರ ಮಾರ್ಗದರ್ಶಿ

ಆರಿದ್ರಾ ಕಳೆದು ಪುನರ್ವಸು ಮಳೆ ಹಿಡಿಯಿತೆಂದರೆ ಮಲೆನಾಡಿನ ಗ್ಯಾರೇಜುಗಳಲ್ಲಿ ಒಂದೇ ಬಗೆಯ ದೂರು ಸಾಲುಗಟ್ಟುತ್ತದೆ. "ಬೆಳಿಗ್ಗೆ ಸ್ಟಾರ್ಟ್ ಆಗುತ್ತೆ, ಆದ್ರೆ ರೇಸ್ ಕೊಟ್ರೆ ಎಳೆಯಲ್ಲ." "ಘಾಟಿ ಹತ್ತುವಾಗ ಮಿಸ್ಸಿಂಗ್ ಹೊಡೆಯುತ್ತೆ." "ಮಳೆ ನಿಂತ್ರೆ ಸರಿ, ಶುರುವಾದ್ರೆ ಮತ್ತೆ ಅದೇ ಕಥೆ." ಉತ್ತರವೂ ಹೆಚ್ಚಾಗಿ ಒಂದೇ: "ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡ್ಬಿಡೋಣ ಸಾರ್." ಕೆಲವು ಸಲ ಅದರಿಂದ ನಿಜಕ್ಕೂ ಸರಿಹೋಗುತ್ತದೆ. ಎಷ್ಟೋ ಸಲ ನಾಲ್ಕು ದಿನ ಚೆನ್ನಾಗಿದ್ದು ಮತ್ತೆ ಕೈಕೊಡುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನ ಅಡಿಯ ಬಟ್ಟಲಿನಲ್ಲಿ, ಅಂದರೆ ಬೌಲಿನಲ್ಲಿದ್ದ ನೀರು ಹೋಯಿತು, ನೀರು ಒಳಗೆ ಬರುವ ದಾರಿ ಹಾಗೇ ಉಳಿಯಿತು, ಅಷ್ಟೇ.

ಚಾರ್ಮಾಡಿ ಘಾಟಿಯ ತಿರುವಿನಲ್ಲಿ, ಹಿಂದೆ ಲೋಡ್ ಲಾರಿ ಏರಿ ಬರುತ್ತಿರುವಾಗ ಎಂಜಿನ್ ಹೀಗೆ ಮಿಸ್ಸಿಂಗ್ ಹೊಡೆದು, ಅಂದರೆ ಅರೆಕ್ಷಣ ಸತ್ತು ಬದುಕಿದರೆ ಅದು ಜೀವದ ಪ್ರಶ್ನೆ. ಅದಕ್ಕೇ ಊಹೆಯ ಮೇಲೆ ಒಂದೊಂದೇ ಪಾರ್ಟ್ ಬದಲಿಸುತ್ತ ಹೋಗುವುದನ್ನು ನಾನು ಒಪ್ಪುವುದಿಲ್ಲ. ತೊಂದರೆ ಯಾವ ಹೊತ್ತಿಗೆ, ಎಂಜಿನ್ ಎಷ್ಟು ಬಿಸಿಯಾದಾಗ, ಎಷ್ಟು ಆಕ್ಸಿಲರೇಟರ್ ತಿರುಗಿಸಿದಾಗ ಬರುತ್ತದೆ ಎಂಬುದನ್ನು ಸರಿಯಾಗಿ ಗಮನಿಸಿದರೆ ಕಾರಣದ ಮುಕ್ಕಾಲು ಭಾಗ ಅಲ್ಲೇ ಸಿಕ್ಕಿಬಿಡುತ್ತದೆ. ಉಳಿದ ಕಾಲು ಭಾಗಕ್ಕೆ ಸ್ಪ್ಯಾನರ್ ಬೇಕು.

ಚಳಿ ಬೇರೆ, ತೇವ ಬೇರೆ

ಎರಡೂ ಒಟ್ಟಿಗೆ ಬರುವುದರಿಂದ ಒಂದೇ ಎಂದುಕೊಳ್ಳುತ್ತೇವೆ. ಎಂಜಿನ್‌ಗೆ ಅವು ಬೇರೆ ಬೇರೆ ಬಗೆಯಲ್ಲಿ ತೊಂದರೆ ಕೊಡುತ್ತವೆ.

ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಕಾರ್ಬೊರೇಟರಿನಿಂದ ಹೊರಟ ಹನಿಗಳು ಎಂಜಿನ್ನಿಗೆ ಒಯ್ಯುವ ತಣ್ಣಗಿನ ಕೊಳವೆಯ (ಮ್ಯಾನಿಫೋಲ್ಡ್) ಗೋಡೆಗೆ ಅಂಟಿ ಅಲ್ಲೇ ಉಳಿಯುತ್ತವೆ, ಸಿಲಿಂಡರಿಗೆ ತಲುಪುವುದು ಕಡಿಮೆ. ಜೊತೆಗೆ ತಣ್ಣಗಿನ ಗಾಳಿ ದಟ್ಟ: 30 ಡಿಗ್ರಿಯ ಗಾಳಿಗೆ ಹೋಲಿಸಿದರೆ 10 ಡಿಗ್ರಿಯ ಗಾಳಿ ಸುಮಾರು ಶೇ 7ರಷ್ಟು ದಟ್ಟವಾಗಿರುತ್ತದೆ. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಮೆಕ್ಯಾನಿಕ್‌ಗಳು ಇದನ್ನೇ ಲೀನ್ ಎನ್ನುವುದು. ಲೀನ್ ಆದ ಎಂಜಿನ್ ಆಕ್ಸಿಲರೇಟರ್ ತಿರುಗಿಸಿದ ತಕ್ಷಣ ಒಮ್ಮೆ ತಡವರಿಸಿ ಆಮೇಲೆ ಎಳೆಯುತ್ತದೆ.

ತೇವದ ಕಥೆ ಬೇರೆ. ಗಾಳಿಯಲ್ಲಿರುವ ತೇವಾಂಶವೇ ಎಂಜಿನ್ ಶಕ್ತಿಯನ್ನು ಕದಿಯುತ್ತದೆ ಎಂಬ ನಂಬಿಕೆ ಇದೆ. ಅದರ ನೇರ ಪರಿಣಾಮ ಬಹಳ ಸಣ್ಣದು. 20 ಡಿಗ್ರಿಯಲ್ಲಿ ಗಾಳಿ ಪೂರ್ತಿ ತೇವ ತುಂಬಿಕೊಂಡಿದ್ದರೂ ಅದರಲ್ಲಿ ನೀರಾವಿಯ ಪಾಲು ಶೇ 2ರಿಂದ 3ರಷ್ಟು ಮಾತ್ರ. ತೇವ ಹೊಡೆಯುವುದು ಎರಡು ಕಡೆ: ಕರೆಂಟಿಗೆ ಮತ್ತು ಪೆಟ್ರೋಲಿಗೆ. ಪ್ಲಗ್‌ಗೆ ಹೋಗಬೇಕಾದ ಹೈ ವೋಲ್ಟೇಜ್ ಪ್ಲಗ್ಗಿನ ತಲೆಗೆ ಕೂರುವ ಒದ್ದೆ ಕ್ಯಾಪಿನ ಮೂಲಕ ಎಂಜಿನ್ ಬಾಡಿಗೆ ಸೋರಿಹೋಗುತ್ತದೆ. ಟ್ಯಾಂಕಿಗಿಳಿದ ನೀರು ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ, ಅಂದರೆ ಜೆಟ್ಟಿನ ಬಾಯಿಗೆ ಬಂದು ಕೂರುತ್ತದೆ.

ಚಳಿ, ತೇವ ಎರಡೂ ತಕ್ಕ ಪ್ರಮಾಣದಲ್ಲಿ ಸೇರಿದಾಗ ಮಾತ್ರ ಮೂರನೆಯದೊಂದು ಹುಟ್ಟುತ್ತದೆ, ಕಾರ್ಬೊರೇಟರಿನೊಳಗೆ ಮಂಜುಗಡ್ಡೆ. ಅದರ ವಿಚಾರ ಮುಂದೆ ಬರುತ್ತದೆ.

ಹಂತ 1: ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಚೀಟಿ

ಒಂದು ವಾರ ಗಾಡಿಯನ್ನು ಎಂದಿನಂತೆ ಓಡಿಸಿ, ತೊಂದರೆ ಬಂದಾಗಲೆಲ್ಲ ಮೊಬೈಲಿನಲ್ಲಿ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ.

ಸ್ಟಾರ್ಟ್ ಮಾಡಿ ಎಷ್ಟು ಹೊತ್ತಿಗೆ ಬಂತು? ಮೊದಲ ಎರಡು ಮೂರು ನಿಮಿಷ ಮಾತ್ರ ಇದ್ದು ಹೋಗುತ್ತದೆಯೆಂದರೆ ಅದು ಚಳಿಯ, ಅಂದರೆ ಲೀನ್ ಮಿಶ್ರಣದ ತೊಂದರೆ. ಕಾಲು ಗಂಟೆ ಚೆನ್ನಾಗಿ ಓಡಿ ಆಮೇಲೆ ಶುರುವಾದರೆ ಮಂಜುಗಡ್ಡೆ, ಟ್ಯಾಂಕಿಗೆ ಗಾಳಿ ಸಿಗದಿರುವುದು, ಇಲ್ಲವೇ ಬಿಸಿಯಾದಾಗ ಕೈಕೊಡುವ ಕಾಯಿಲ್ (ಪ್ಲಗ್ಗಿಗೆ ಹೈ ವೋಲ್ಟೇಜ್ ಕೊಡುವ ಭಾಗ). ಹೊತ್ತುಗೊತ್ತಿಲ್ಲದೆ ಬಂದರೆ ಪೆಟ್ರೋಲಿನ ನೀರು ಅಥವಾ ಸಡಿಲ ವೈರ್.

ಎಷ್ಟು ಆಕ್ಸಿಲರೇಟರ್? ನಿಂತಾಗ ಸ್ಲೋ ಸ್ಪೀಡ್ (ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ನಿಧಾನಕ್ಕೆ ತಿರುಗುವುದು) ನಿಲ್ಲದಿದ್ದರೆ, ಅದಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ಕಡೆ ನೋಡಬೇಕು. ಸ್ಲೋ ಸ್ಪೀಡ್ ಸೊಗಸಾಗಿದ್ದು, ಏರಿನಲ್ಲಿ ಜೋರಾಗಿ ತಿರುಗಿಸಿದಾಗ ಮಾತ್ರ ಪಟಪಟ ಎಂದರೆ ಕಿಡಿಯ ಮೇಲೆ ಸಂಶಯಪಡಿ. ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ಗ್ಯಾಪ್ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಒದ್ದೆ ಕ್ಯಾಪ್ ಇದ್ದರೆ ಕರೆಂಟಿಗೆ ಅದೇ ಸುಲಭದ ದಾರಿಯಾಗುತ್ತದೆ.

ಹೇಗೆ ನಿಂತಿತು? ಸ್ವಿಚ್ ತೆಗೆದಂತೆ ಥಟ್ಟನೆ ಆಫ್ ಆಗಿ ಥಟ್ಟನೆ ಬಂದರೆ ಕರೆಂಟ್. ಸುಸ್ತಾಗುತ್ತ ನಿಧಾನಕ್ಕೆ ಸತ್ತರೆ ಪೆಟ್ರೋಲ್ ಅಥವಾ ಗಾಳಿ. ಈ ಒಂದು ವ್ಯತ್ಯಾಸವನ್ನು ಕೈಗೆ, ಕಿವಿಗೆ ರೂಢಿ ಮಾಡಿಕೊಂಡರೆ ಅರ್ಧ ಮೆಕ್ಯಾನಿಕ್ ಆದಂತೆಯೇ.

ಹೊರಗೆ ಹೇಗಿತ್ತು? ಜಡಿಮಳೆಯೋ, ಮಳೆಯಿಲ್ಲದ ದಟ್ಟ ಮಂಜೋ, ಹಳ್ಳ ದಾಟಿದ ಮೇಲೋ, ರಾತ್ರಿಯೆಲ್ಲ ಹೊರಗೆ ನೆನೆದ ಗಾಡಿಯೋ.

ಇನ್ನೊಂದು ಮಾತು. ಆಕ್ಸಿಲರೇಟರ್ ತಿರುಗಿಸಿದಾಗ ಎಂಜಿನ್ ಸದ್ದು ಸಲೀಸಾಗಿ ಏರುತ್ತಿದ್ದು ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಅದು ಕ್ಲಚ್ ಪ್ಲೇಟ್ ಜಾರುತ್ತಿರುವುದು. ಈ ಮಾರ್ಗದರ್ಶಿ ಅದಕ್ಕಲ್ಲ.

ಹಂತ 2: ಏನನ್ನೂ ಬಿಚ್ಚದೆ ನೋಡುವಂಥವು

ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ತೊಂದರೆ ಶುರುವಾದ ಕೂಡಲೇ ಗಾಡಿಯನ್ನು ಬದಿಗೆ ನಿಲ್ಲಿಸಿ ಮುಚ್ಚಳ ತೆರೆಯಿರಿ. ಸುಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ, ಆಮೇಲೆ ಗಾಡಿ ಮಾಮೂಲಿಯಾಗಿ ಓಡಿದರೆ, ಮುಚ್ಚಳದ ಗಾಳಿ ರಂಧ್ರ ಕಟ್ಟಿಕೊಂಡಿದೆ. ಕೆಸರು, ಹಳೆಯ ಪಾಲಿಶ್, ತೊಳೆಯುವಾಗ ಹೊಕ್ಕ ಸೋಪು ಇವೆಲ್ಲ ಅಲ್ಲಿ ಗಟ್ಟಿಯಾಗಿ ಕೂರುತ್ತವೆ.

ಟ್ಯಾಂಕಿನ ಮೇಲ್ಮೈಗೆ ಸಮನಾಗಿ ಕೂರುವ ಮುಚ್ಚಳವಿರುವ ಬೈಕ್‌ಗಳಲ್ಲಿ ಇನ್ನೊಂದು ರಂಧ್ರ ಇರುತ್ತದೆ. ಮುಚ್ಚಳದ ಸುತ್ತಲಿನ ತಗ್ಗಿನಲ್ಲಿ ನಿಂತ ಮಳೆ ನೀರು ಟ್ಯಾಂಕಿನೊಳಗಿನ ಸಣ್ಣ ಕೊಳವೆಯ ಮೂಲಕ ಕೆಳಗೆ ಹರಿದುಹೋಗಲೆಂದು ಅದನ್ನು ಇಟ್ಟಿರುತ್ತಾರೆ. ಅದು ಕಟ್ಟಿಕೊಂಡರೆ ತಗ್ಗು ಕೆರೆಯಾಗುತ್ತದೆ, ಮುಚ್ಚಳ ತೆರೆದಾಗಲೆಲ್ಲ ಒಂದಿಷ್ಟು ನೀರು ಟ್ಯಾಂಕಿಗೆ. ಒಂದು ಚಮಚ ನೀರು ಬಿಟ್ಟು ನೋಡಿ. ಕೆಲವೇ ಸೆಕೆಂಡಿನಲ್ಲಿ ಗಾಡಿಯಡಿ ತೊಟ್ಟಿಕ್ಕಬೇಕು. ಇಲ್ಲದಿದ್ದರೆ ತೆಳು ನೈಲಾನ್ ದಾರವನ್ನು ಮೆಲ್ಲಗೆ ಒಳಗೆ ಬಿಟ್ಟು ಬಿಡಿಸಿ. ಮಳೆಗಾಲದಲ್ಲಿ ಪದೇಪದೇ ಪೆಟ್ರೋಲಿಗೆ ನೀರು ಸೇರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು.

ಕಾರ್ಬೊರೇಟರಿನಿಂದ ಇಳಿಬಿಟ್ಟ ಸಣ್ಣ ರಬ್ಬರ್ ಪೈಪುಗಳನ್ನು ನೋಡಿ. ಅವುಗಳಲ್ಲಿ ಒಂದು ಬೌಲಿಗೆ ಗಾಳಿ ಕೊಡುವಂಥದ್ದು. ಅದರ ತುದಿಗೆ ಕೆಸರು ಮೆತ್ತಿಕೊಂಡರೆ ಅಥವಾ ಹಳ್ಳ ದಾಟುವಾಗ ತುದಿ ನೀರಿನಲ್ಲಿ ಮುಳುಗಿದರೆ ಜೆಟ್ಟಿಗೆ ಪೆಟ್ರೋಲ್ ಏರುವುದಿಲ್ಲ. ಹೊಳೆ ದಾಟುತ್ತಿದ್ದಾಗ ಸತ್ತ ಗಾಡಿ ದಡಕ್ಕೆ ತಳ್ಳಿದ ತಕ್ಷಣ ಸ್ಟಾರ್ಟ್ ಆದರೆ ಈ ಪೈಪೇ ಕಾರಣವಿರಬಹುದು.

ಏರ್ ಫಿಲ್ಟರ್ ಪೆಟ್ಟಿಗೆಯ ಅಡಿಯಲ್ಲಿ ಬೂಚು ಹಾಕಿದ ಒಂದು ಕೊಳವೆ ಇರುತ್ತದೆ. ಬೂಚು ತೆಗೆದು ಅದರಲ್ಲಿ ನಿಂತ ನೀರು, ಎಣ್ಣೆ ಖಾಲಿ ಮಾಡಿ. ಕಾಗದದ ಫಿಲ್ಟರ್ ಒದ್ದೆಯಾಗಿದ್ದರೆ ಗಾಳಿಯೇ ಹೋಗದು. ಗಾಡಿ ಕಪ್ಪು ಹೊಗೆ ಬಿಡುತ್ತ ಮಂಕಾಗಿ ಓಡುತ್ತದೆ. ಒದ್ದೆ ಕಾಗದದ ಫಿಲ್ಟರನ್ನು ಒಲೆಯ ಮೇಲೆ ಒಣಗಿಸಿ ಹಾಕುವ ಅಭ್ಯಾಸ ಬೇಡ, ಹೊಸದೇ ಹಾಕಿ. ಫಿಲ್ಟರ್ ಇಲ್ಲದೆ ಓಡಿಸುವುದಂತೂ ಬೇಡವೇ ಬೇಡ.

ಹಂತ 3: ಕಿಡಿ

ಮಳೆ ಬಂದಾಗ ಕೆಟ್ಟು ಬಿಸಿಲು ಬಂದಾಗ ಸರಿಯಾಗುವ ಗಾಡಿಯಲ್ಲಿ ನಾನು ಕಾರ್ಬೊರೇಟರಿಗಿಂತ ಮೊದಲು ಪ್ಲಗ್ ಕ್ಯಾಪಿಗೆ ಹೋಗುತ್ತೇನೆ. ಸಾವಿರಾರು ವೋಲ್ಟ್ ಕರೆಂಟನ್ನು ಹಿಡಿದಿಡುವ ಕೆಲಸ ಒಂದು ಹಳೆಯ ರಬ್ಬರ್ ಬುಶ್ಶಿನದ್ದು. ಅದು ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೂ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ.

ಎಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಕ್ಯಾಪ್ ಎಳೆದು ಟಾರ್ಚ್ ಬೆಳಕಿನಲ್ಲಿ ಒಳಗೆ ನೋಡಿ. ಒಳಗೋಡೆಯ ಮೇಲೆ ಮೇಲಿಂದ ಕೆಳಗೆ ಪೆನ್ಸಿಲ್ ಗೀಟಿನಂಥ ತೆಳ್ಳನೆಯ ಕಪ್ಪು ಗೆರೆ ಕಂಡರೆ ಕರೆಂಟ್ ಅಲ್ಲಿಂದಲೇ ಸೋರುತ್ತಿತ್ತು ಎಂದು ಅರ್ಥ. ಅದೇ ಗೆರೆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೂ ಮೂಡಿರಬಹುದು. ಒರೆಸಿದರೆ ಹೋಗುವ ಕೊಳೆ ಬೇರೆ, ಸುಟ್ಟು ಕೂತ ಈ ಗೆರೆ ಬೇರೆ. ಗೆರೆ ಇದ್ದರೆ ಕ್ಯಾಪ್, ಪ್ಲಗ್ ಎರಡನ್ನೂ ಬದಲಿಸಬೇಕು. ಒಂದನ್ನು ಮಾತ್ರ ಬದಲಿಸಿದರೆ ಹಳೆಯದರ ಗೆರೆ ಹೊಸದರ ಮೇಲೂ ಸೋರಿಕೆಯ ದಾರಿ ಮೂಡಿಸುತ್ತದೆ.

ಪ್ಲಗ್ ಕೂರುವ ಗುಂಡಿಯನ್ನೂ ನೋಡಿ. ಎಷ್ಟೋ ಎಂಜಿನ್‌ಗಳಲ್ಲಿ ಆ ಗುಂಡಿಯಿಂದ ನೀರು ಹೊರಹೋಗಲು ಸಿಲಿಂಡರ್ ಹೆಡ್ಡಿನ ಬದಿಗೆ ಒಂದು ಸಣ್ಣ ತೂತು ಇರುತ್ತದೆ. ಕೆಸರು ತುಂಬಿ ಅದು ಮುಚ್ಚಿದರೆ ಪ್ಲಗ್ಗಿನ ಬುಡದಲ್ಲಿ ನೀರು ನಿಂತೇ ಇರುತ್ತದೆ, ಎಂಜಿನ್ ಬಿಸಿಯಾದಾಗ ಹಬೆಯಾಗಿ ಕ್ಯಾಪಿನೊಳಗೇ ಏರುತ್ತದೆ. ತಂತಿಯಿಂದ ಬಿಡಿಸಿ. ಪ್ಲಗ್ ಬಿಚ್ಚುವ ಮೊದಲು ಗುಂಡಿಯಲ್ಲಿರುವ ನೀರು, ಮರಳನ್ನು ಊದಿ ತೆಗೆಯದಿದ್ದರೆ ಎಲ್ಲವೂ ಸಿಲಿಂಡರಿಗೇ ಬೀಳುತ್ತದೆ.

ಪ್ಲಗ್ ತೆಗೆದು ಬಣ್ಣ ನೋಡಿ. ಕಾಫಿಪುಡಿ ಬಣ್ಣ ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಅಥವಾ ಚಳಿಯಲ್ಲಿ ಸ್ಟಾರ್ಟ್ ಮಾಡಲು ಹೆಚ್ಚು ಪೆಟ್ರೋಲ್ ಕೊಡುವ ಚೋಕ್ ಪೂರ್ತಿ ಬಿಟ್ಟಿಲ್ಲ, ಅಥವಾ ಫಿಲ್ಟರ್ ಕಟ್ಟಿದೆ. ಸುಣ್ಣದ ಬಿಳಿ ಇದ್ದರೆ ಲೀನ್. ಪೆಟ್ರೋಲಿನಲ್ಲೇ ಒದ್ದೆಯಾಗಿದ್ದರೆ ಕಿಡಿ ಬರುತ್ತಿಲ್ಲ. ಗ್ಯಾಪ್ ಅಳೆಯಲು ಫೀಲರ್ ಗೇಜ್ ಬೇಕು. ನಮ್ಮ ಹೆಚ್ಚಿನ ಬೈಕ್‌ಗಳಿಗೆ ಅದು 0.7ರಿಂದ 0.9 ಮಿ.ಮೀ. ನಡುವೆ ಬರುತ್ತದೆ, ನಿಮ್ಮದಕ್ಕೆ ಸರಿಯಾದ ಅಂಕಿ ಗಾಡಿಯ ಪುಸ್ತಕದಲ್ಲಿದೆ. ಸವೆದು ಗ್ಯಾಪ್ ದೊಡ್ಡದಾದಷ್ಟೂ ಹೆಚ್ಚು ವೋಲ್ಟೇಜ್ ಬೇಕು, ಸೋರಿಕೆಯೂ ಅಷ್ಟೇ ಹೆಚ್ಚು. ಪ್ಲಗ್ಗನ್ನು ಮರಳಿ ಹಾಕುವಾಗ ಕೈಯಲ್ಲೇ ಕೊನೆಯವರೆಗೆ ತಿರುಗಿಸಿ, ಹೊಸ ವಾಶರ್ ಇದ್ದರೆ ಸ್ಪ್ಯಾನರಿನಿಂದ ಅರ್ಧ ಸುತ್ತು, ಹಳೆಯ ಪ್ಲಗ್ ಆದರೆ ತುಸುವೇ ಬಿಗಿ ಮಾಡಿದರೆ ಸಾಕು.

ಮಲ್ಟಿಮೀಟರ್ ಇದ್ದರೆ ಕ್ಯಾಪಿನ ಎರಡು ತುದಿಗಳ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಸಾಮಾನ್ಯವಾಗಿ ಸಿಗುವ ರೆಸಿಸ್ಟರ್ ಕ್ಯಾಪುಗಳು 5 ಕಿಲೋ ಓಮ್ ಆಸುಪಾಸು ತೋರಿಸುತ್ತವೆ. ಮೀಟರ್ ಏನನ್ನೂ ತೋರಿಸದಿದ್ದರೆ ಅಥವಾ ಅಂಕಿ ಕುಣಿಯುತ್ತಿದ್ದರೆ ಅದನ್ನು ಎಸೆಯಿರಿ. ಕ್ಯಾಪ್ ವೈರಿಗೆ ಸ್ಕ್ರೂ ಮಾಡಿ ಕೂರುವ ಬಗೆಯದ್ದಾದರೆ ಅದನ್ನು ತಿರುಗಿಸಿ ಬಿಚ್ಚಿ. ವೈರಿನ ತುದಿಯ ತಾಮ್ರ ಹಸಿರು ಹಿಡಿದಿದ್ದರೆ ಐದಾರು ಮಿ.ಮೀ. ಕತ್ತರಿಸಿ ಹೊಸ ತುದಿಗೆ ಮತ್ತೆ ಸ್ಕ್ರೂ ಮಾಡಬಹುದು.

ಇನ್ನು ನನಗೆ ಬಹಳ ನಂಬಿಕೆಯಿರುವ ಪರೀಕ್ಷೆ. ಸಂಜೆ ಕತ್ತಲಾದ ಮೇಲೆ, ಬಯಲಿನಲ್ಲಿ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಸ್ಟಾರ್ಟ್ ಮಾಡಿ. ಬಟ್ಟೆ ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಲ್ಲಿ ಬರೀ ನೀರು. ಮೊದಲು ಕಾಯಿಲ್ ಮೇಲೆ ಮಂಜಿನ ಹಾಗೆ ಚಿಮುಕಿಸಿ, ಅರ್ಧ ನಿಮಿಷ ಕಾಯಿರಿ. ಆಮೇಲೆ ವೈರ್. ಕೊನೆಗೆ ಕ್ಯಾಪ್. ಎಲ್ಲಿ ಚಿಮುಕಿಸಿದಾಗ ಎಂಜಿನ್ ತಡವರಿಸಿತೋ ಅಲ್ಲಿದೆ ತೊಂದರೆ. ಹಲವು ಸಲ ಕತ್ತಲೆಯಲ್ಲಿ ನೀಲಿ ಎಳೆಯೊಂದು ಕ್ಯಾಪಿನಿಂದ ಎಂಜಿನ್ ಫಿನ್ನಿಗೆ ಹಾರುವುದು ಕಣ್ಣಿಗೇ ಕಾಣುತ್ತದೆ, ಚಟ್ ಚಟ್ ಸದ್ದೂ ಕೇಳುತ್ತದೆ. ಎಂಜಿನ್ ಓಡುತ್ತಿರುವಾಗ ಆ ಭಾಗವನ್ನು ಕೈಯಿಂದ ಮುಟ್ಟಬೇಡಿ. ಹೃದಯದ ತೊಂದರೆ, ಪೇಸ್‌ಮೇಕರ್ ಇರುವವರು ಹತ್ತಿರವೂ ನಿಲ್ಲುವುದು ಬೇಡ. ಪೆಟ್ರೋಲ್ ಸೋರಿಕೆಯ ವಾಸನೆ ಇದ್ದರೆ ಈ ಪರೀಕ್ಷೆಯನ್ನು ಮಾಡಲೇಬೇಡಿ.

ಪಲ್ಸರ್ ಡಿಟಿಎಸ್-ಐ ಓಡಿಸುವವರಿಗೆ ಒಂದು ಸೂಚನೆ. ಅದರಲ್ಲಿ ಎರಡು ಪ್ಲಗ್. ಒಂದು ಸತ್ತರೂ ಇನ್ನೊಂದರಲ್ಲಿ ಗಾಡಿ ಓಡುತ್ತದೆ, ಪಿಕಪ್ ಮಾತ್ರ ಇರುವುದಿಲ್ಲ, ಚಳಿಯಲ್ಲಿ ಸ್ಟಾರ್ಟ್ ಆಗಲು ಹಟ ಮಾಡುತ್ತದೆ. ಎಂಜಿನ್ ಆಫ್ ಮಾಡಿ ಒಂದು ಕ್ಯಾಪ್ ತೆಗೆದು ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹದ ಭಾಗ ಎಂಜಿನ್‌ಗೆ ಗಟ್ಟಿಯಾಗಿ ತಾಗುವಂತೆ ಇಟ್ಟು ಸ್ಟಾರ್ಟ್ ಮಾಡಿ. ನಂತರ ಇನ್ನೊಂದಕ್ಕೂ ಹಾಗೇ. ಯಾವ ಸಲ ಎಂಜಿನ್ ಏಳಲಿಲ್ಲವೋ, ಆಗ ಒಂಟಿಯಾಗಿ ಉಳಿದಿದ್ದ ಪ್ಲಗ್ಗಿನ ಕಡೆ ದೋಷ. ಕ್ಯಾಪನ್ನು ಗಾಳಿಯಲ್ಲಿ ನೇತಾಡಲು ಬಿಟ್ಟು ಎಂಜಿನ್ ತಿರುಗಿಸಿದರೆ ಕಿಡಿಯನ್ನು ನಿಯಂತ್ರಿಸುವ ಸಿಡಿಐ ಪೆಟ್ಟಿಗೆ ಹಾಳಾಗಬಹುದು.

ಕರೆಂಟನ್ನು ಕೂಡಿಸಿ ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಇರುವ ಹಳೆಯ ಯೆಜ್ಡಿ, ಹಳೆಯ ಬುಲೆಟ್‌ಗಳಿಗೆ ಇನ್ನೂ ಒಂದು ಜಾಗ ಸೇರಿಸಿಕೊಳ್ಳಿ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು, ಗಾಡಿಗಳು ಮಾತ್ರ ಇಂದಿಗೂ ತೋಟದ ರಸ್ತೆಗಳಲ್ಲಿ ಓಡುತ್ತಿವೆ. ಪಾಯಿಂಟಿನ ಕವರ್ ಒಳಗೆ ರಾತ್ರಿ ಇಬ್ಬನಿ ಕಟ್ಟುತ್ತದೆ. ಕವರ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಪಾಯಿಂಟುಗಳ ನಡುವೆ ಶುಭ್ರ ಕಾಗದ ಎಳೆದು, ಗ್ಯಾಸ್ಕೆಟ್ ಹರಿದಿದ್ದರೆ ಬದಲಿಸಿ.

ಹಂತ 4: ಪೆಟ್ರೋಲಿನಲ್ಲಿ ನೀರು

ಬಯಲಿನಲ್ಲಿ, ಬೆಂಕಿಯಿಂದ ದೂರ ಗಾಡಿ ನಿಲ್ಲಿಸಿ. ಎಂಜಿನ್ ಆರಿರಲಿ, ಪೆಟ್ರೋಲ್ ಕಾಕ್ ಮುಚ್ಚಿರಲಿ. ಕಾರ್ಬೊರೇಟರ್ ಬೌಲಿನ ತಳದ ಡ್ರೈನ್ ಸ್ಕ್ರೂವನ್ನು ಒಂದೆರಡು ಸುತ್ತು ಸಡಿಲಿಸಿ, ಪೈಪಿನಿಂದ ಬರುವುದನ್ನು ಪಾರದರ್ಶಕ ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಅಲುಗಾಡಿಸದೆ ಇಟ್ಟು ಬೆಳಕಿಗೆ ಹಿಡಿದರೆ, ನೀರಿದ್ದಲ್ಲಿ ತಳದಲ್ಲಿ ಗುಂಡುಗುಂಡಾದ ಹನಿಗಳಾಗಿ ಅಥವಾ ಬೇರೆಯೇ ಪದರವಾಗಿ ಕಾಣುತ್ತದೆ. ಕಂದು ಪುಡಿ ಕಂಡರೆ ಟ್ಯಾಂಕಿನೊಳಗೆ ತುಕ್ಕು.

ಈಗ ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಹಾಗಾಗಿ ತುಸು ನೀರು ಸೇರಿದರೆ ಕಣ್ಣಿಗೇ ಕಾಣುವುದಿಲ್ಲ. ಅದರ ಮಿತಿ ದಾಟಿದರೆ, ಅಥವಾ ರಾತ್ರಿ ಚಳಿಗೆ ಪೆಟ್ರೋಲ್ ತಣ್ಣಗಾದರೆ, ಎಥೆನಾಲ್ ನೀರಿನ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಟ್ಯಾಂಕಿನ ಕೊಳವೆ ಹೀರುವುದು ತಳದಿಂದಲೇ. ಸಂಜೆ ಚೆನ್ನಾಗಿ ಬಂದ ಗಾಡಿ ಬೆಳಿಗ್ಗೆ ಏಳದಿರಲು ಇದೂ ಒಂದು ಕಾರಣ. ಬಾಟಲಿಯಲ್ಲಿ ಪೆಟ್ರೋಲ್ ಮಸುಕು ಮಸುಕಾಗಿ ಕಂಡರೆ ಇದೇ ಎಂದು ತಿಳಿಯಿರಿ. ಹೀಗೆ ಬೇರ್ಪಟ್ಟದ್ದನ್ನು ಅಲ್ಲಾಡಿಸಿ ಮತ್ತೆ ಬಳಸುವಂತಿಲ್ಲ. ಟ್ಯಾಂಕ್ ಪೂರ್ತಿ ಖಾಲಿ ಮಾಡಬೇಕು.

ಹಾಗಾಗಿ ಮಳೆಗಾಲದಲ್ಲಿ ಟ್ಯಾಂಕ್ ಮುಕ್ಕಾಲಾದರೂ ತುಂಬಿರಲಿ. ಖಾಲಿ ಜಾಗ ಹೆಚ್ಚಿದ್ದಷ್ಟೂ ಒಳಗೆ ತೇವದ ಗಾಳಿ ಹೆಚ್ಚು, ರಾತ್ರಿ ಬೆವರುವುದೂ ಹೆಚ್ಚು. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಬೌಲ್ ಖಾಲಿ ಮಾಡಿಯೇ ನಿಲ್ಲಿಸಿ. ತುಂಬಿಸಿದ ಮರುಗಳಿಗೆಯಿಂದಲೇ ತೊಂದರೆ ಶುರುವಾದರೆ ಬಂಕಿಗೆ ಮರಳಿ ಹೋಗಿ ಸಾಂದ್ರತೆ ಮತ್ತು ನೀರಿನ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳಿ, ಗ್ರಾಹಕರಿಗೆ ಆ ಹಕ್ಕಿದೆ. ಹೊರತೆಗೆದ ಪೆಟ್ರೋಲನ್ನು ಚರಂಡಿಗೋ ತೋಟಕ್ಕೋ ಸುರಿಯಬೇಡಿ. ಮಲೆನಾಡಿನಲ್ಲಿ ಚರಂಡಿ ನೇರ ಹಳ್ಳಕ್ಕೇ ಹೋಗುತ್ತದೆ.

ಹಂತ 5: ಬರೀ ಚಳಿಯ ತಡವರಿಕೆ

ಮೊದಲ ಕೆಲವು ನಿಮಿಷದ ತಡವರಿಕೆಗೆ ಕಾರ್ಬೊರೇಟರ್ ಗಾಡಿಗಳಲ್ಲಿ ಚೋಕೇ ಒಳ್ಳೆಯ ಪರೀಕ್ಷಕ. ತಡವರಿಸುತ್ತಿರುವಾಗಲೇ ಚೋಕನ್ನು ಅರ್ಧ ಎಳೆಯಿರಿ. ಸುಧಾರಿಸಿದರೆ ಲೀನ್. ಇನ್ನೂ ಹದಗೆಟ್ಟರೆ ಈಗಾಗಲೇ ಪೆಟ್ರೋಲ್ ಹೆಚ್ಚಿದೆ, ಫಿಲ್ಟರ್ ನೋಡಿ. ಯಾವ ವ್ಯತ್ಯಾಸವೂ ಆಗದಿದ್ದರೆ ಹಂತ 3ಕ್ಕೆ ಮರಳಿ.

ಲೀನ್ ಎಂದು ಖಾತ್ರಿಯಾದರೆ ಕಾರಣಗಳು ಹೆಚ್ಚಿಲ್ಲ. ಪೈಲಟ್ ಜೆಟ್ಟಿನ ತೂತು ಕೂದಲೆಳೆಯಷ್ಟು ಸಣ್ಣದು, ಅರ್ಧ ಕಟ್ಟಿದ್ದರೂ ಬೇಸಿಗೆಯಲ್ಲಿ ಹೇಗೋ ನಡೆಯುತ್ತದೆ, ಚಳಿಯಲ್ಲಿ ನಡೆಯುವುದಿಲ್ಲ. ಕಾರ್ಬೊರೇಟರ್ ಕ್ಲೀನರ್ ಮತ್ತು ಗಾಳಿಯಿಂದ ಬಿಡಿಸಬೇಕೇ ಹೊರತು ತಂತಿ ತುರುಕಬಾರದು. ಕಾರ್ಬೊರೇಟರನ್ನು ಎಂಜಿನ್‌ಗೆ ಕೂಡಿಸುವ ರಬ್ಬರ್ ಇನ್ನೊಂದು. ಚಳಿಗೆ ಅದು ಪೆಡಸಾದಾಗ ಹಳೆಯ ಬಿರುಕು ಬಾಯ್ಬಿಟ್ಟು ಗಾಳಿ ಎಳೆಯುತ್ತದೆ, ಬಿಸಿಯಾದಾಗ ಮುಚ್ಚಿಕೊಳ್ಳುತ್ತದೆ. ಎಂಜಿನ್ ಆಫ್ ಮಾಡಿ ಕೈಯಿಂದ ಬಗ್ಗಿಸಿ ನೋಡಿ.

ಎಥೆನಾಲ್ ಇಲ್ಲೂ ಪಾತ್ರ ವಹಿಸುತ್ತದೆ. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಶೇ 20 ಎಥೆನಾಲ್ ಇರುವುದಕ್ಕೆ ಸುಮಾರು 13.5 ಪಾಲು ಸಾಕು. ಅಂದರೆ ಹಳೆಯ ಜೆಟ್ಟಿನಲ್ಲಿ ಗಾಡಿ ತಾನಾಗಿಯೇ ತುಸು ಲೀನ್ ಆಗಿದೆ. ಆವಿಯಾಗಲು ಎಥೆನಾಲ್‌ಗೆ ಶಾಖವೂ ಪೆಟ್ರೋಲಿಗಿಂತ ಬಹಳ ಹೆಚ್ಚು ಬೇಕು. ಆದ್ದರಿಂದ ಹಳೆಯ ಗಾಡಿಗಳು ಇತ್ತೀಚೆಗೆ ಚಳಿಯಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ಚೋಕ್ ಕೇಳುತ್ತಿದ್ದರೆ ಅಚ್ಚರಿಯಿಲ್ಲ. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು ತಿದ್ದಬಹುದು. ಮೊದಲು ಎಷ್ಟಿತ್ತು ಎಂದು ಬರೆದಿಟ್ಟುಕೊಂಡೇ ಮುಟ್ಟಿ. ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಗಾಡಿ ಮುಳ್ಳಯ್ಯನಗಿರಿಯ ಎತ್ತರಕ್ಕೆ ಹೋದಾಗ ಗಾಳಿಯೇ ತೆಳುವಾಗಿ ಮಿಶ್ರಣ ದಪ್ಪವಾಗುತ್ತದೆ, ಅಂದರೆ ಪೆಟ್ರೋಲ್ ಪಾಲು ಹೆಚ್ಚುತ್ತದೆ ಎಂಬುದೂ ನೆನಪಿರಲಿ. ಒಂದು ದಿನದ ಪ್ರವಾಸಕ್ಕಾಗಿ ಸ್ಕ್ರೂ ತಿರುಗಿಸುವ ಅಗತ್ಯವಿಲ್ಲ.

ಹಂತ 6: ಕಾರ್ಬೊರೇಟರಿನೊಳಗೆ ಮಂಜುಗಡ್ಡೆ

ಹೊರಗೆ ಮಂಜುಗಡ್ಡೆಯೇ ಇಲ್ಲದ ಊರಿನಲ್ಲಿ ಕಾರ್ಬೊರೇಟರಿನೊಳಗೆ ಅದು ಹೇಗೆ ಬರುತ್ತದೆ ಎಂದು ಹಲವರು ನಂಬುವುದಿಲ್ಲ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖ ಹೀರುತ್ತದೆ, ಕಿರಿದಾದ ಗಂಟಲಿನಲ್ಲಿ ಗಾಳಿಯ ಒತ್ತಡ ಇಳಿದು ಇನ್ನಷ್ಟು ತಣ್ಣಗಾಗುತ್ತದೆ. ಎರಡೂ ಸೇರಿ ಒಳಗಿನ ಉಷ್ಣತೆ ಹೊರಗಿಗಿಂತ 20 ಡಿಗ್ರಿಯವರೆಗೂ ಇಳಿಯಬಹುದು. ಹೊರಗೆ 10 ಡಿಗ್ರಿ, ಗಾಳಿಯಲ್ಲಿ ತೇವ ತುಂಬಿದೆ ಎಂದರೆ ಆ ತೇವ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಸ್ಲೈಡಿನ ಅಂಚಿಗೆ, ಪೈಲಟ್ ರಂಧ್ರದ ಬಾಯಿಗೆ ಹಿಮವಾಗಿ ಕಟ್ಟುತ್ತದೆ. ಬ್ರಿಟನ್‌ನಂಥ ಚಳಿ ತೇವದ ದೇಶಗಳಲ್ಲಿ ಮಾರುತ್ತಿದ್ದ ಕೆಲವು ಬೈಕ್‌ಗಳಿಗೆ ಇದಕ್ಕೆಂದೇ ಕಾರ್ಬೊರೇಟರ್ ಹೀಟರ್ ಕೂಡಿಸುತ್ತಿದ್ದರು.

ಇದರ ಗುರುತು ಸ್ಪಷ್ಟ. ಎಂಜಿನ್ ಬಿಸಿಯಾಗಿ, ಒಂದೇ ವೇಗದಲ್ಲಿ ತುಸುವೇ ಆಕ್ಸಿಲರೇಟರಿನಲ್ಲಿ ಹತ್ತಿಪ್ಪತ್ತು ನಿಮಿಷ ಓಡಿದ ಮೇಲೆ ಸ್ಲೋ ಸ್ಪೀಡ್ ಇಳಿಯುತ್ತ ಬರುತ್ತದೆ, ಸಿಗ್ನಲಿನಲ್ಲೋ ಇಳಿಜಾರಿನಲ್ಲೋ ಆಫ್ ಆಗುತ್ತದೆ. ಐದು ಹತ್ತು ನಿಮಿಷ ನಿಲ್ಲಿಸಿದರೆ ಎಂಜಿನ್ ಶಾಖಕ್ಕೆ ಹಿಮ ಕರಗಿ, ಏನೂ ಆಗಿಲ್ಲವೆಂಬಂತೆ ಓಡುತ್ತದೆ. ಗ್ಯಾರೇಜ್ ತಲುಪುವಷ್ಟರಲ್ಲಿ ಸಾಕ್ಷಿ ಉಳಿದಿರುವುದಿಲ್ಲ. ಆಫ್ ಆದ ತಕ್ಷಣ ಕಾರ್ಬೊರೇಟರ್ ಬಾಡಿಯನ್ನು ಮುಟ್ಟಿ ನೋಡಿ. ಬಿಸಿ ಎಂಜಿನ್ ಪಕ್ಕದಲ್ಲೇ ಇದ್ದೂ ಅದು ಕೊರೆಯುವಷ್ಟು ತಣ್ಣಗಿದ್ದು ಬೆವರಿಟ್ಟಿದ್ದರೆ ಸಂಶಯ ಬಲವಾಗುತ್ತದೆ.

ಆದರೆ ನನ್ನ ಖಚಿತ ಅಭಿಪ್ರಾಯ ಇದು: ಜುಲೈ, ಆಗಸ್ಟಿನ ಮಲೆನಾಡಿನಲ್ಲಿ, ಉಷ್ಣತೆ 20 ಡಿಗ್ರಿ ಆಸುಪಾಸು ಇರುವಾಗ, ಏರ್ ಕೂಲ್ಡ್ ಸಿಂಗಲ್ ಸಿಲಿಂಡರ್ ಗಾಡಿಯಲ್ಲಿ ಮಂಜುಗಡ್ಡೆಯನ್ನು ದೂರುವ ಮೊದಲು ಕ್ಯಾಪ್, ನೀರು, ಮುಚ್ಚಳ ಮೂರನ್ನೂ ಮುಗಿಸಬೇಕು. ಡಿಸೆಂಬರ್, ಜನವರಿಯ ಬೆಳಗಿನ ಜಾವ ಮಡಿಕೇರಿ, ಬಾಬಾಬುಡನ್‌ಗಿರಿ ಕಡೆ ಅಥವಾ ಊಟಿ ದಾರಿಯಲ್ಲಿ ಮಂಜಿನೊಳಗೆ ಹೋಗುವಾಗಿನ ಮಾತು ಬೇರೆ. ಆಗ ಮಾಡಬೇಕಾದದ್ದು ಸರಳ: ಒಂದು ಗೇರ್ ಕೆಳಗಿಟ್ಟು ಎಂಜಿನ್ ತಿರುಗುವಿಕೆ ಹೆಚ್ಚಿಸಿ, ಉದ್ದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಿಡದೆ ಆಗಾಗ ತೆರೆಯಿರಿ.

ಹಂತ 7: ಎಫ್‌ಐ (ಫ್ಯೂಯಲ್ ಇಂಜೆಕ್ಷನ್) ಗಾಡಿಗಳು

2020ರ ಏಪ್ರಿಲ್‌ನಿಂದ ಹೊಗೆ ನಿಯಂತ್ರಣದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕ್‌ಗಳಲ್ಲಿ ಕಾರ್ಬೊರೇಟರ್ ಬಹುತೇಕ ಮಾಯವಾಗಿದೆ. ಚೋಕ್ ಇಲ್ಲ, ಚಳಿಯನ್ನು ಸೆನ್ಸರ್ ನೋಡಿಕೊಳ್ಳುತ್ತದೆ. ಕೀ ತಿರುಗಿಸಿದಾಗ ಎಂಜಿನ್ ಚಿತ್ರದ ದೀಪ ಹತ್ತಿ ಆರಬೇಕು. ಓಡುವಾಗಲೂ ಉರಿಯುತ್ತಿದ್ದರೆ ಅಥವಾ ಮಿನುಗಿದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರಾದ ಇಸಿಯುನಲ್ಲಿ ದೋಷದ ಕೋಡ್ ಕೂತಿದೆ, ಸ್ಕ್ಯಾನರ್ ಇರುವಲ್ಲಿ ಓದಿಸಿ. ಕೀ ಹಾಕಿದೊಡನೆ ಟ್ಯಾಂಕಿನೊಳಗೆ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡ್ ಗುಂಯ್ ಎನ್ನುವುದನ್ನು ಕೇಳಿಸಿಕೊಳ್ಳಿ. ಆ ಸದ್ದು ಮಂಕಾಗಿದ್ದರೆ ಬ್ಯಾಟರಿ ಅಳೆಯಿರಿ: ರಾತ್ರಿ ನಿಂತ ಗಾಡಿಯಲ್ಲಿ 12.4 ವೋಲ್ಟಿಗಿಂತ ಕಡಿಮೆಯಿದ್ದರೆ ದುರ್ಬಲ, ಎಂಜಿನ್ ಓಡುವಾಗ 13.5ರಿಂದ 14.5ರ ನಡುವೆ ಬರಬೇಕು. ಚಳಿಗೆ ಬ್ಯಾಟರಿ ಸೋಲುತ್ತದೆ, ಬ್ಯಾಟರಿ ಸೋತರೆ ಪಂಪು, ಕಿಡಿ ಎರಡೂ ಸೋಲುತ್ತವೆ.

ದೀಪ ಹತ್ತದೆಯೇ ತಡವರಿಸಿದರೆ ವೈರುಗಳನ್ನು ಕೂಡಿಸುವ ಕಪ್ಲರ್‌ಗಳನ್ನು ನೋಡಿ. ಟೆಂಪರೇಚರ್ ಸೆನ್ಸರ್, ಥ್ರಾಟಲ್ ಸೆನ್ಸರ್ ಕಪ್ಲರ್‌ನಲ್ಲಿ ತೇವ ಸೇರಿದರೆ ತಪ್ಪು ಅಂಕಿ ಹೋಗುತ್ತದೆ, ಎಂಜಿನ್ ತಣ್ಣಗಿದ್ದರೂ ಬಿಸಿಯಾಗಿದೆ ಎಂದುಕೊಂಡು ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ. ಕೀ ತೆಗೆದು, ಕಪ್ಲರ್ ಬಿಡಿಸಿ ಒಣಗಿಸಿ, ಪಿನ್ ಹಸಿರಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ರಬ್ಬರ್ ಸೀಲಿಗೆ ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ ಕೂಡಿಸಿ. ಪ್ರೆಶರ್ ವಾಟರ್ ಸರ್ವಿಸ್ ಮಾಡಿಸಿದ ಮರುದಿನ ಶುರುವಾದ ತೊಂದರೆ ಹೆಚ್ಚಾಗಿ ಇಲ್ಲೇ ಸಿಗುತ್ತದೆ.

ಥಟ್ಟನೆ ಆಫ್ ಆಗುವ ಗಾಡಿಯಲ್ಲಿ ಸೈಡ್ ಸ್ಟ್ಯಾಂಡ್ ಸ್ವಿಚ್ಚನ್ನು ಮರೆಯಬೇಡಿ. ಮುಂದಿನ ಚಕ್ರ ಎರಚುವ ಕೆಸರು ನೇರ ಅದಕ್ಕೇ ಬಡಿಯುತ್ತದೆ. ಗುಂಡಿ ಹಾರಿದಾಗ ಮಾತ್ರ ಎಂಜಿನ್ ಕಡಿದುಹೋಗುತ್ತಿದ್ದರೆ ಮೊದಲು ಅದನ್ನೇ ತೊಳೆದು ಒಣಗಿಸಿ. ಕಿಲ್ ಸ್ವಿಚ್ಚನ್ನೂ ಹತ್ತಾರು ಸಲ ಆಫ್, ಆನ್ ಮಾಡಿ ನೋಡಿ.

ಘಾಟಿಯ ನಡುವೆ ಕೈಕೊಟ್ಟರೆ

ಮೊದಲು ಗಾಡಿಯನ್ನು ತಿರುವಿನಿಂದ ಆಚೆ, ಹಿಂದಿನವರಿಗೆ ದೂರದಿಂದ ಕಾಣುವ ಜಾಗಕ್ಕೆ ತಳ್ಳಿ ಇಂಡಿಕೇಟರ್ ಹಾಕಿ. ಮುಚ್ಚಳ ತೆರೆದು ಮುಚ್ಚಿ. ಕ್ಯಾಪ್ ಎಳೆದು ಒಳಗೂ ಹೊರಗೂ ಒಣ ಬಟ್ಟೆಯಲ್ಲಿ ಒರೆಸಿ ಗಟ್ಟಿಯಾಗಿ ಕೂರಿಸಿ. ಬೌಲ್ ಡ್ರೈನ್ ಮಾಡಿ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಇವುಗಳಲ್ಲಿ ಯಾವುದರ ನಂತರ ಗಾಡಿ ಎದ್ದಿತು ಎಂಬುದನ್ನು ನೋಡಿಕೊಳ್ಳಿ, ಅದಕ್ಕಾಗಿ ಒಂದೊಂದೇ ಮಾಡಿ ಸ್ಟಾರ್ಟ್ ಪ್ರಯತ್ನಿಸಿ. ಮಳೆಗಾಲದಲ್ಲಿ ಸೀಟಿನಡಿ ಒಂದು ಪ್ಲಗ್, ಪ್ಲಗ್ ಸ್ಪ್ಯಾನರ್, ಡ್ರೈನ್ ಸ್ಕ್ರೂಗೆ ಸರಿಹೊಂದುವ ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಣ ಬಟ್ಟೆ ಇರಲೇಬೇಕು. ಚಿಕ್ಕ ಡಬ್ಬಿ ಡಬ್ಲ್ಯೂಡಿ-40 ಇದ್ದರೆ ಒಳ್ಳೆಯದು, ನೀರನ್ನು ಓಡಿಸಲೆಂದೇ ಮಾಡಿದ್ದು ಅದು. ಬಿರುಕು ಬಿಟ್ಟ ಕ್ಯಾಪಿಗೆ ಅದು ಮನೆ ಸೇರುವವರೆಗಿನ ಉಪಾಯ ಮಾತ್ರ.

ಗ್ಯಾರೇಜಿಗೆ ಒಯ್ಯುವಾಗ

ಇಷ್ಟೆಲ್ಲ ಆಗಿಯೂ ಉಳಿದರೆ ಕಾಯಿಲ್, ಸಿಡಿಐ, ಇಂಜೆಕ್ಟರ್, ಪೆಟ್ರೋಲ್ ಪಂಪಿನ ಒತ್ತಡ ಇವು ಸಲಕರಣೆ ಇರುವವರ ಕೆಲಸ. "ಗಾಡಿ ಎಳೆಯಲ್ಲ ಅಣ್ಣ, ನೋಡಿ" ಎಂದಷ್ಟೇ ಹೇಳಿ ಬಿಟ್ಟು ಬರಬೇಡಿ. "ಬಿಸಿಯಾದ ಮೇಲೆ, ಏರಿನಲ್ಲಿ, ಜೋರು ಮಳೆಯಲ್ಲಿ ಮಾತ್ರ ಕಡಿಯುತ್ತೆ. ಬೌಲಲ್ಲಿ ನೀರಿರಲಿಲ್ಲ, ಕ್ಯಾಪ್ ಹೊಸದು ಹಾಕಿದೀನಿ, ಚೋಕ್ ಎಳೆದ್ರೂ ವ್ಯತ್ಯಾಸ ಇಲ್ಲ" ಎಂದು ಹೇಳಿದರೆ ಒಳ್ಳೆಯ ಮೆಕ್ಯಾನಿಕ್ ಕಾರ್ಬೊರೇಟರ್ ಕಡೆ ಕೈ ಹಾಕದೆ ನೇರ ಕಾಯಿಲಿಗೆ ಹೋಗುತ್ತಾನೆ. ಹಾಗೆಯೇ ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸಲು, ತೆಗೆದ ಹಳೆಯ ಪಾರ್ಟನ್ನು ನಿಮಗೇ ಕೊಡಲು ಹೇಳಿ. ಹೊಸದು ಹಾಕಿಯೂ ತೊಂದರೆ ಹೋಗದಿದ್ದರೆ ಆ ಹಳೆಯ ಪಾರ್ಟ್ ಕೆಟ್ಟಿರಲಿಲ್ಲ, ಮುಂದೆ ಬೇಕಾಗುತ್ತದೆ.